ಕಡಲ ಬಾಗಿಲಿನ ಕೀಲಿ ಯಾರ ಕೈಯಲ್ಲಿರಬೇಕು?

ಕೊರೋನಾ ಕಾಲದ ಕಷ್ಟಗಳ ಲೆಕ್ಕವನ್ನು ನಮ್ಮ ಪತ್ರಿಕೆಗಳು ಸಾಕಷ್ಟು ಬರೆದಿವೆ. ಬರಿಗಾಲಲ್ಲಿ ನಡೆದು ಊರು ಸೇರಿದ ಕೂಲಿಕಾರರ ಬಗ್ಗೆ ಬರೆದವು, ಆಮ್ಲಜನಕವಿಲ್ಲದೆ ಸತ್ತವರ ಬಗ್ಗೆ ಬರೆದವು. ಆದರೆ ದ್ವೀಪಗಳ ಲೆಕ್ಕವನ್ನು ಮಾತ್ರ ಹೆಚ್ಚಾಗಿ ಬರೆದವರು ಪ್ರವಾಸಿ ಕಂಪೆನಿಗಳವರು ಮತ್ತು ಮುಂಗಡ ಕೊಟ್ಟೂ ಸ್ಕೂಬಾ ಡೈವಿಂಗ್‌ಗೆ ಹೋಗಲಾಗದೆ ಉಳಿದ ಪ್ರವಾಸಿಗಳು. ಅವರ ವಾದದ ಸಾರಾಂಶ ಇಷ್ಟು: ಗಡಿಗಳನ್ನು ಮುಚ್ಚಿದ್ದರಿಂದ ದ್ವೀಪದ ಜನರ ಹೊಟ್ಟೆಗೆ ಹೊಡೆತ ಬಿತ್ತು. ಆದ್ದರಿಂದ ಬಾಗಿಲನ್ನು ಅಗಲವಾಗಿ ತೆರೆಯಬೇಕು, ಇನ್ನಷ್ಟು ಪ್ರವಾಸಿಗಳು ಬರಬೇಕು, ಇನ್ನಷ್ಟು ರೆಸಾರ್ಟ್‌ಗಳು ಏಳಬೇಕು.

ಹೊಟ್ಟೆಗೆ ಹೊಡೆತ ಬಿದ್ದದ್ದು ನಿಜ. ಅದರಿಂದ ಎಳೆದು ತಂದ ತೀರ್ಮಾನ ಮಾತ್ರ ಸುಳ್ಳು. ದ್ವೀಪದವರನ್ನು ಕಂಗೆಡಿಸಿದ್ದು ಬಾಗಿಲು ಮುಚ್ಚಿದ್ದೊಂದೇ ಅಲ್ಲ. ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು, ಯಾರಿಗಾಗಿ ತೆರೆಯಬೇಕು ಎಂಬುದನ್ನು ಅವರನ್ನು ಕೇಳದೆ ನಿರ್ಧರಿಸಿದ್ದು ಅದಕ್ಕಿಂತ ದೊಡ್ಡ ಅನ್ಯಾಯ. ಈ ಮಾತನ್ನು ನಾವು ಸ್ಪಷ್ಟವಾಗಿಯೇ ಹೇಳಬಯಸುತ್ತೇವೆ.

ಕುಂದಗೋಳ ತಾಲೂಕಿನ ಗುಡಗೇರಿಯಲ್ಲಿ, ಎರೆಭೂಮಿಯ ನಡುವೆ ಕುಳಿತವರಿಗೆ ಸಮುದ್ರದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ನಮ್ಮಲ್ಲಿ ಎರಡು ಉತ್ತರಗಳಿವೆ.

ಮೊದಲನೆಯದು, ಆ ದ್ವೀಪಗಳು ಕನ್ನಡ ನಾಡಿಗೆ ಹೊರಗಿನವಲ್ಲ. 1783ರಲ್ಲಿ ಅಮಿನಿ ದ್ವೀಪದ ಕೆಲವರು ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನನ್ನು ಕಂಡು, ಅರಕ್ಕಲ್ ಮನೆತನದ ಆಳ್ವಿಕೆಯಿಂದ ತಮ್ಮನ್ನು ಬಿಡಿಸಿಕೊಳ್ಳಬೇಕೆಂದು ಕೇಳಿಕೊಂಡರೆಂದು ಲಕ್ಷದ್ವೀಪದ ಇತಿಹಾಸ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದ್ವೀಪಗಳು ಕಂಪೆನಿ ಸರಕಾರದ ಪಾಲಾಗಿ, ಅವುಗಳ ಆಡಳಿತ ಮಂಗಳೂರಿನಿಂದ ನಡೆಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ನಮ್ಮ ಧಾರವಾಡ ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿತು. ಅದೇ ದಿನ ಆ ದ್ವೀಪಗಳು ದಕ್ಷಿಣ ಕನ್ನಡದಿಂದ ಕಳಚಿ ಕೇಂದ್ರಾಡಳಿತಕ್ಕೆ ಹೋದವು. ಆದರೂ ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು ಹೊತ್ತ ಮಂಜಿಗಳು ದ್ವೀಪಗಳಿಗೆ ಹೋಗುವುದು ನಿಲ್ಲಲಿಲ್ಲ. ಇಂದು ಡೈವಿಂಗ್ ಪ್ರವಾಸಿಗಳು ಹುಡುಕಿಕೊಂಡು ಹೋಗುವ ಕಡಮತ್ ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಊರಾಗಿತ್ತೆಂಬುದು ಎಷ್ಟು ಜನರಿಗೆ ಗೊತ್ತು?

ಎರಡನೆಯದು, ಒಂದೇ ಬೆಳೆ, ಒಂದೇ ಪೇಟೆಯನ್ನು ನಂಬಿದವನ ಪಾಡು ಏನೆಂಬುದು ನಮಗೆ ಗೊತ್ತು. 2020ರ ಮಾರ್ಚ್‌ನಲ್ಲಿ ರೈಲುಗಳು ನಿಂತು, ಸಂತೆಗಳು ಬಂದ್ ಆದಾಗ, ಮನೆಯಲ್ಲಿ ಜೋಳ, ಕಡಲೆ ಇದ್ದವನು ಹೇಗೋ ದಿನ ದೂಡಿದ. ಹೊಲವನ್ನೆಲ್ಲ ಒಂದೇ ಬೆಳೆಗೆ ಒಪ್ಪಿಸಿ ಸಾಲ ಮಾಡಿದ್ದವನು ದಲಾಲಿಯ ಮುಖ ನೋಡುತ್ತ ಕುಳಿತ. ನಮ್ಮ ಹಿರಿಯರು ಹೊಲದಲ್ಲಿ ಅಕ್ಕಡಿ ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂಬುದು ಅದರ ತಿಳಿವಳಿಕೆ. ಪ್ರವಾಸೋದ್ಯಮವೂ ದ್ವೀಪದ ಪಾಲಿಗೆ ಒಂದು ಬೆಳೆಯೇ. ಅದನ್ನು ಏಕೈಕ ಬೆಳೆ ಮಾಡಹೊರಟವರು ಯಾರು ಎಂಬುದನ್ನು ನೋಡಬೇಕು.

ಈಗ ಲಕ್ಷದ್ವೀಪದಲ್ಲಿ ನಡೆದುದನ್ನು ನೋಡೋಣ. ಹತ್ತು ಜನವಸತಿ ದ್ವೀಪಗಳು, ಒಟ್ಟು 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಂತೆ ಸುಮಾರು 64 ಸಾವಿರ ಜನ. ದೊಡ್ಡ ಕಾಯಿಲೆಯಾದರೆ ಕೊಚ್ಚಿಗೋ ಮಂಗಳೂರಿಗೋ ಹೋಗಬೇಕು. ಇಂತಹ ಕಡೆ ಸಾಂಕ್ರಾಮಿಕ ರೋಗ ಹೊಕ್ಕರೆ ಏನಾದೀತೆಂದು ಯಾರೂ ವಿವರಿಸಬೇಕಾಗಿಲ್ಲ. 2020ರಲ್ಲಿ ದ್ವೀಪಗಳು ಬಾಗಿಲು ಮುಚ್ಚಿದವು. ಪ್ರವಾಸಿಗಳಿಗೆ ಪ್ರವೇಶ ನಿಂತಿತು. ಊರಿಗೆ ಮರಳುವ ದ್ವೀಪದ ಮಕ್ಕಳೂ ಕೊಚ್ಚಿಯಲ್ಲಿ ಕ್ವಾರಂಟೈನ್ ಮುಗಿಸಿ, ಪರೀಕ್ಷೆ ಮಾಡಿಸಿಕೊಂಡು, ದ್ವೀಪಕ್ಕಿಳಿದ ಮೇಲೂ ಪ್ರತ್ಯೇಕವಾಗಿರಬೇಕಿತ್ತು. ಇದರ ಬೆಲೆಯನ್ನು ತೆತ್ತವರು ಯಾರು? ಪ್ರವಾಸಿಗಳಿಗೆ ಅಡುಗೆ ಮಾಡುವವರು, ದೋಣಿ ನಡೆಸುವವರು, ನೀರಿಗಿಳಿಸಿ ಹವಳದ ದಂಡೆ ತೋರಿಸುವ ತರುಣರು. ಅವರ ಕೆಲಸ ನಿಂತಿತು. ಆದರೂ ಅವರು ಸಹಿಸಿಕೊಂಡರು. ಏಕೆಂದರೆ ಆ ಬಾಗಿಲು ಅವರ ಮನೆಯ ಮುದುಕರನ್ನು ಕಾಯುತ್ತಿತ್ತು.

ಫಲಿತಾಂಶ ದೇಶದ ಕಣ್ಣ ಮುಂದಿತ್ತು. ಇಡೀ 2020ರಲ್ಲಿ ಲಕ್ಷದ್ವೀಪದಲ್ಲಿ ಒಂದೇ ಒಂದು ಕೊರೋನಾ ಪ್ರಕರಣ ವರದಿಯಾಗಲಿಲ್ಲ. ಬೇರೆಡೆ ಶಾಲೆಗಳಿಗೆ ಬೀಗ ಬಿದ್ದಿದ್ದಾಗ ಅಲ್ಲಿ ಸೆಪ್ಟೆಂಬರ್‌ನಲ್ಲೇ ಮಕ್ಕಳು ಶಾಲೆಗೆ ಹೋದರು.

2020ರ ಡಿಸೆಂಬರ್‌ನಲ್ಲಿ ಪ್ರಫುಲ್ ಖೋಡಾ ಪಟೇಲ್ ಆಡಳಿತಾಧಿಕಾರಿಯಾಗಿ ಬಂದರು. ಅದೇ ತಿಂಗಳ 28ರಂದು ಕ್ವಾರಂಟೈನ್ ನಿಯಮವನ್ನು ಸಡಿಲಿಸಲಾಯಿತು. 48 ಗಂಟೆಗಳೊಳಗಿನ ಪರೀಕ್ಷೆಯ ನೆಗೆಟಿವ್ ಚೀಟಿ ಇದ್ದರೆ ಸಾಕು, ಯಾರು ಬೇಕಾದರೂ ಹಡಗು ಹತ್ತಬಹುದೆಂದಾಯಿತು. ಅರ್ಥವ್ಯವಸ್ಥೆಯನ್ನು ತೆರೆಯಬೇಕಿತ್ತು ಎಂಬುದು ಸಮರ್ಥನೆ. 2021ರ ಜನವರಿ 18ರಂದು ಮೊದಲ ಪ್ರಕರಣ ಪತ್ತೆಯಾಯಿತು. ಮೇ ತಿಂಗಳು ಮುಗಿಯುವ ಹೊತ್ತಿಗೆ ಸೋಂಕಿತರ ಸಂಖ್ಯೆ 7 ಸಾವಿರ ದಾಟಿತ್ತು. ಕೊನೆಗೆ ಒಟ್ಟು 11 ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿ, 50ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸೋಂಕು ಎಂದಾದರೂ ಬರುತ್ತಿತ್ತು ಎಂದು ವಾದಿಸುವವರಿದ್ದಾರೆ. ಬರುತ್ತಿತ್ತೇನೋ. ಆದರೆ ಲಸಿಕೆ ಇನ್ನೇನು ಕೈಗೆ ಬರಲಿದ್ದ ಹೊತ್ತಿನಲ್ಲಿ, ಕೆಲವು ತಿಂಗಳು ಕಾಯಲು ಸಿದ್ಧರಿದ್ದ ಜನರ ಮೇಲೆ ಈ ಅವಸರವನ್ನು ಹೇರುವ ಅಗತ್ಯವೇನಿತ್ತು?

ಅವಸರದ ಅರ್ಥ ತಿಳಿಯಬೇಕಾದರೆ ಆ ತಿಂಗಳುಗಳಲ್ಲಿ ಹೊರಬಿದ್ದ ಉಳಿದ ಆದೇಶ, ಕರಡುಗಳನ್ನೂ ಜೊತೆಗಿಟ್ಟು ಓದಬೇಕು. ಅಭಿವೃದ್ಧಿಯ ಹೆಸರಿನಲ್ಲಿ ಜನರ ಭೂಮಿಯನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವ ಕರಡು ನಿಯಮ, ಅಪರಾಧವೇ ವಿರಳವಾಗಿರುವ ದ್ವೀಪಗಳಿಗೆ ಗೂಂಡಾ ಕಾಯ್ದೆಯ ಕರಡು, ಗೋಮಾಂಸ ನಿಷೇಧದ ಪ್ರಸ್ತಾಪ, ಪ್ರವಾಸಿಗಳಿಗಾಗಿ ಮದ್ಯಕ್ಕೆ ಅನುಮತಿ, ಮೀನುಗಾರರ ಶೆಡ್‌ಗಳ ನೆಲಸಮ, ಹಂಗಾಮಿ ನೌಕರರ ವಜಾ. ಇದೇ 2021ರಲ್ಲಿ ಮಿನಿಕಾಯ್, ಕಡಮತ್, ಸುಹೇಲಿಗಳಲ್ಲಿ ನೀರಿನ ಮೇಲೆ ಐಷಾರಾಮಿ ವಿಲ್ಲಾಗಳನ್ನು ಕಟ್ಟಲು ಟೆಂಡರ್ ಕರೆಯಲಾಯಿತು. ದ್ವೀಪದವರ ಹೊಟ್ಟೆಪಾಡಿಗಾಗಿ ಬಾಗಿಲು ತೆರೆದೆವೆನ್ನುವವರು ಅದೇ ದ್ವೀಪದವರ ಶೆಡ್ಡನ್ನೂ ನೌಕರಿಯನ್ನೂ ಯಾಕೆ ಕಿತ್ತುಕೊಂಡರು? ಜೂನ್ 7ರಂದು ದ್ವೀಪದ ಜನ ತಮ್ಮ ಮನೆಗಳಲ್ಲೇ 12 ಗಂಟೆ ಉಪವಾಸ ಕುಳಿತು ಕೇಳಿದ್ದು ಇದೇ ಪ್ರಶ್ನೆಯನ್ನು.

ನೆರೆಯ ಮಾಲ್ದೀವ್ಸ್‌ನ ಕಥೆ ಇನ್ನೊಂದು ಬಗೆಯದು. ಅಲ್ಲಿ ಪ್ರವಾಸೋದ್ಯಮವೇ ದೇಶದ ಬೆನ್ನೆಲುಬು. 2019ರಲ್ಲಿ 17 ಲಕ್ಷ ಪ್ರವಾಸಿಗಳು ಬಂದಿದ್ದ ಆ ದೇಶ 2020ರ ಮಾರ್ಚ್ 27ರಂದು ಬಾಗಿಲು ಮುಚ್ಚಿತು. ಆ ವರ್ಷ ಬಂದವರು ಐದೂವರೆ ಲಕ್ಷ ಮಾತ್ರ. ಕೆಲಸ ಕಳೆದುಕೊಂಡ ತನ್ನ ನಾಗರಿಕರಿಗೆ ಸರಕಾರ ತಿಂಗಳಿಗೆ 5,000 ರೂಫಿಯಾದವರೆಗೆ ನೆರವು ಕೊಟ್ಟಿತು. ಇದನ್ನು ಮೆಚ್ಚಲೇಬೇಕು. ಆದರೆ ಅದೇ ರೆಸಾರ್ಟ್‌ಗಳಲ್ಲಿ ದುಡಿಯುತ್ತಿದ್ದ ಪರದೇಶದ ಕಾರ್ಮಿಕರಿಗೆ ಆ ನೆರವು ಇರಲಿಲ್ಲ. ಮೇ 10ರಂದು ಐಎನ್‌ಎಸ್ ಜಲಾಶ್ವ ಹಡಗು ಮಾಲೆಯಿಂದ 698 ಭಾರತೀಯರನ್ನು ಕೊಚ್ಚಿಗೆ ಕರೆತಂದದ್ದು ಓದುಗರಿಗೆ ನೆನಪಿರಬಹುದು.

ಬಾಗಿಲು ತೆರೆದ ಕ್ರಮವನ್ನೂ ನೋಡಿ. ಜುಲೈ 15ರಂದು ರೆಸಾರ್ಟ್‌ಗಳು ತೆರೆದವು. ಜನ ವಾಸಿಸುವ ದ್ವೀಪಗಳಲ್ಲಿ ಸ್ಥಳೀಯರು ನಡೆಸುವ ಅತಿಥಿಗೃಹಗಳಿಗೆ ಅನುಮತಿ ಸಿಕ್ಕಿದ್ದು ಅಕ್ಟೋಬರ್ 15ರಂದು. ಊರೊಳಗೆ ಸೋಂಕು ಬರಬಾರದೆಂಬ ಕಾರಣ ಸರಿಯಾದುದೇ. ಆದರೆ ಫಲವೇನು? ಒಂದು ದ್ವೀಪಕ್ಕೆ ಒಂದು ರೆಸಾರ್ಟ್ ಎಂಬ ಪದ್ಧತಿಯಲ್ಲಿ ದೊಡ್ಡ ಬಂಡವಾಳದವನು ಮೂರು ತಿಂಗಳು ಮುಂದೆ ಓಡಿದ. ತನ್ನ ಮನೆಯ ನಾಲ್ಕು ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಸ್ವಂತ ದೋಣಿಯಲ್ಲಿ ಡೈವಿಂಗ್‌ಗೆ ಕರೆದೊಯ್ಯುತ್ತಿದ್ದವನು ದಂಡೆಯಲ್ಲೇ ಉಳಿದ. ಸಾಂಕ್ರಾಮಿಕ ಬಡವ ಬಲ್ಲಿದ ಎಂದು ನೋಡುವುದಿಲ್ಲವಂತೆ. ಗಡಿಯ ಗೇಟು ಚೆನ್ನಾಗಿಯೇ ನೋಡುತ್ತದೆ.

ಹಾಗೆಂದು ಮುಚ್ಚುವುದೆಲ್ಲವೂ ಪುಣ್ಯದ ಕೆಲಸವೆಂದು ನಾವು ಹೇಳುತ್ತಿಲ್ಲ. ಅದಕ್ಕೆ ನಮ್ಮ ರಾಜ್ಯದ ತಲಪಾಡಿಯೇ ಸಾಕ್ಷಿ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಕೇರಳದ ಗಡಿಯ ರಸ್ತೆಗಳಿಗೆ ಮಣ್ಣು ಸುರಿಸಿತು. ಕಾಸರಗೋಡಿನವರಿಗೆ, ಅಲ್ಲಿನ ಕನ್ನಡಿಗರಿಗೂ, ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಆಂಬುಲೆನ್ಸ್‌ಗಳನ್ನು ಹಿಂದಕ್ಕೆ ಕಳುಹಿಸಲಾಯಿತು. ಚಿಕಿತ್ಸೆ ಸಿಗದೆ ಹಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆಗಳನ್ನು ತೆಗೆಸಲು ಆದೇಶಿಸಬೇಕಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲಷ್ಟೇ ರೋಗಿಗಳಿಗೆ ದಾರಿ ಬಿಡುವ ಒಪ್ಪಂದವಾಯಿತು. ಲಕ್ಷದ್ವೀಪದಲ್ಲಿ ದುರ್ಬಲರನ್ನು ಕಾಯುತ್ತಿದ್ದ ಬಾಗಿಲನ್ನು ಬಲ್ಲಿದರಿಗಾಗಿ ತೆರೆಯಲಾಯಿತು. ತಲಪಾಡಿಯಲ್ಲಿ ದುರ್ಬಲರಿಗೆ ಬೇಕಿದ್ದ ಬಾಗಿಲನ್ನು ಬಲ್ಲಿದರು ಮುಚ್ಚಿದರು. ಎರಡೂ ಕಡೆ ಕೀಲಿ ಇದ್ದದ್ದು ಒಂದೇ ಬಗೆಯ ಕೈಯಲ್ಲಿ.

ಪ್ರವಾಸಿಗಳಿಲ್ಲದಿದ್ದರೆ ದ್ವೀಪದವರು ಉಣ್ಣುವುದೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಪ್ರವಾಸಿ ಬರುವ ಮೊದಲೂ ದ್ವೀಪದವರು ಉಣ್ಣುತ್ತಿದ್ದರು. ತೆಂಗು, ಕೊಬ್ಬರಿ, ಟ್ಯೂನಾ ಮೀನು ಅವರ ಬದುಕು. ಪ್ರತಿ ಮಳೆಗಾಲದಲ್ಲೂ ಅರಬ್ಬಿ ಸಮುದ್ರ ತಾನೇ ಬಾಗಿಲು ಮುಚ್ಚುತ್ತದೆ. ಮಂಜಿಗಳು ನಿಲ್ಲುತ್ತವೆ. ಆ ತಿಂಗಳುಗಳಿಗೆ ಮೊದಲೇ ದಾಸ್ತಾನು ಮಾಡಿಟ್ಟು, ಮೀನು ಒಣಗಿಸಿಟ್ಟು ಬದುಕುವ ಜಾಣ್ಮೆ ಅವರಿಗೆ ತಲೆಮಾರುಗಳಿಂದ ಬಂದಿದೆ. ಮುಚ್ಚಿದ ಕಡಲು ಅವರಿಗೆ ಹೊಸದಲ್ಲ. ಮೀನಿನ ಶೆಡ್ಡನ್ನು ಕೆಡವಿ ರೆಸಾರ್ಟಿನ ನೌಕರಿಯೊಂದನ್ನೇ ಉಳಿಸಿದರೆ ಮಾತ್ರ ಮುಚ್ಚಿದ ಕಡಲು ಹಸಿವಾಗುತ್ತದೆ. ಡೈವಿಂಗ್ ಪ್ರವಾಸ ಬೇಡವೆಂದು ನಾವು ಹೇಳುವುದಿಲ್ಲ. ಅದು ಅಕ್ಕಡಿಯ ಒಂದು ಸಾಲಾಗಿರಲಿ. ಇಡೀ ಹೊಲವೇ ಅದಾದರೆ, ಮುಂದಿನ ಸಾಂಕ್ರಾಮಿಕ ಬಂದ ದಿನ ಹೊಲವೂ ಇಲ್ಲ, ಬೆಳೆಯೂ ಇಲ್ಲ. ಮೇಲಾಗಿ ಆ ಬೆಳೆಯ ಬೇರು ಹವಳದಲ್ಲಿದೆ. 1998, 2010, 2016ರಲ್ಲಿ ಸಮುದ್ರ ಬಿಸಿಯೇರಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡು ಸತ್ತವು. ಹವಳ ಹೋದರೆ ಡೈವಿಂಗ್‌ಗೆ ಬರುವವರೂ ಹೋಗುತ್ತಾರೆ. ದ್ವೀಪದವರು ಎಲ್ಲಿಗೆ ಹೋಗಬೇಕು?

ಖಲೀಫಾ ಉಮರ್ ಸಿರಿಯಾದ ಕಡೆಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದು ಹಿಂದಿರುಗಿದ ಘಟನೆ ಮುಸ್ಲಿಮ್ ಓದುಗರಿಗೆ ಗೊತ್ತಿರುವುದೇ. ಕೊರೋನಾ ಕಾಲದಲ್ಲಿ ಅದನ್ನು ಎಷ್ಟೋ ವೇದಿಕೆಗಳಲ್ಲಿ ಉದಾಹರಿಸಲಾಯಿತು. ಆದರೆ ಅದರ ಒಂದು ಭಾಗ ಹೆಚ್ಚು ಚರ್ಚೆಯಾಗಲಿಲ್ಲ. ಉಮರ್ ಒಬ್ಬರೇ ನಿರ್ಧರಿಸಲಿಲ್ಲ. ಮುಹಾಜಿರರನ್ನು ಕರೆದು ಕೇಳಿದರು, ಅನ್ಸಾರರನ್ನು ಕೇಳಿದರು, ಕುರೈಶ್‌ನ ಹಿರಿಯರನ್ನು ಕೇಳಿದರು. ಅನಂತರವೇ ಹಿಂದಿರುಗುವ ತೀರ್ಮಾನವಾಯಿತು. ಸಾವಿರಾರು ಜನರ ಜೀವ ಒಂದು ತೀರ್ಮಾನದ ಮೇಲೆ ನಿಂತಾಗ ಸಮಾಲೋಚನೆ ಮರ್ಯಾದೆಯ ಮಾತಲ್ಲ, ಕರ್ತವ್ಯ. ಪ್ರಜಾಪ್ರಭುತ್ವದ ಸರಕಾರವೊಂದಕ್ಕೆ ಇಷ್ಟೂ ಅರ್ಥವಾಗದಿದ್ದರೆ ಹೇಗೆ?

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳು ಬಂದವು. ಮಾಲ್ದೀವ್ಸ್‌ನ ಕೆಲವು ಉಪಸಚಿವರು ಹಗುರವಾಗಿ ಮಾತಾಡಿದರು. ಕೂಡಲೇ ಮಾಲ್ದೀವ್ಸ್ ಬಹಿಷ್ಕರಿಸಿ, ಲಕ್ಷದ್ವೀಪಕ್ಕೆ ನಡೆಯಿರಿ ಎಂಬ ಕೂಗೆದ್ದಿತು. 2023ರಲ್ಲಿ 2 ಲಕ್ಷ ದಾಟಿದ್ದ ಮಾಲ್ದೀವ್ಸ್‌ನ ಭಾರತೀಯ ಪ್ರವಾಸಿಗಳ ಸಂಖ್ಯೆ 2024ರಲ್ಲಿ ಸುಮಾರು 1 ಲಕ್ಷ 30 ಸಾವಿರಕ್ಕೆ ಇಳಿಯಿತು. ರೋಗವೇ ಇಲ್ಲದೆ ಒಂದು ಗಡಿ ಅರ್ಧ ಮುಚ್ಚಿದಂತಾಯಿತು. ಉಪಸಚಿವರ ಮಾತಿಗೆ ದಂಡ ತೆತ್ತವರು ದೋಣಿ ನಡೆಸುವವರು, ಪಾತ್ರೆ ತೊಳೆಯುವವರು. 32 ಚದರ ಕಿಲೋಮೀಟರ್‌ನ ಲಕ್ಷದ್ವೀಪಕ್ಕೆ ಅಷ್ಟು ಜನರನ್ನು ನುಗ್ಗಿಸಿದರೆ ಕುಡಿಯುವ ನೀರೆಲ್ಲಿಂದ ಬರಬೇಕೆಂದು ಕೂಗಿದವರು ಯೋಚಿಸಲಿಲ್ಲ.

ಆದ್ದರಿಂದ ನಮ್ಮ ಆಗ್ರಹ ಇಷ್ಟು. ಸಾಂಕ್ರಾಮಿಕದ ಕಾಲದಲ್ಲಿ ದ್ವೀಪದ ಬಾಗಿಲು ಮುಚ್ಚುವ, ತೆರೆಯುವ ತೀರ್ಮಾನ ದ್ವೀಪದ ಚುನಾಯಿತ ಪಂಚಾಯತ್‌ಗಳ ಒಪ್ಪಿಗೆಯಿಂದಲೇ ಆಗಲಿ. ಮುಚ್ಚಿದಷ್ಟು ದಿನ ಪ್ರವಾಸೋದ್ಯಮದ ದುಡಿಮೆಗಾರನಿಗೆ, ಅವನು ಹೊರಗಿನವನಾದರೂ, ಕೂಲಿ ಸಿಗಲಿ. ಅದಕ್ಕಾಗಿ ಪ್ರವಾಸದ ಒಳ್ಳೆಯ ವರ್ಷಗಳಲ್ಲೇ ನಿಧಿ ಕೂಡಿಡಲಿ. ಮೊದಲು ತೆರೆಯುವ ಬಾಗಿಲು ಸ್ಥಳೀಯರ ಅತಿಥಿಗೃಹದ್ದಾಗಿರಲಿ. ರೋಗಿಗೆ ಮಾತ್ರ ಯಾವ ಗಡಿಯೂ ಎಂದೂ ಮುಚ್ಚದಿರಲಿ.

ಮುಂದಿನ ರೋಗ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಅದು ಬಂದ ದಿನ ಬಾಗಿಲ ಬಳಿ ನಿಂತು ನಿರ್ಧರಿಸುವವರು ಆ ಮನೆಯವರೋ, ಹೊರಗೆ ಚೀಲ ಹಿಡಿದು ನಿಂತ ಅತಿಥಿಯೋ ಎಂಬುದನ್ನು ಇಂದೇ ತೀರ್ಮಾನಿಸಬೇಕಾಗಿದೆ.