ಹುಮ್ಮಸ್ಸಿಗೆ ತಣ್ಣೀರು ಎರಚಬೇಡಿ

‘ಮೇಷ್ಟ್ರೇ, ನೀವಾದರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಎರಡನೇ ಪಿಯುಸಿ. ಓದೋದು ಬಿಟ್ಟು ಮಾನವ ಹಕ್ಕು ಅಂತ ಓಡಾಡ್ತಾಳೆ. ಮೊನ್ನೆ ಹೋಟೆಲಿನವರ ಹತ್ತಿರ ಜಗಳ ಮಾಡಿಕೊಂಡು ಬಂದಿದ್ದಾಳೆ!’

ಪರಿಚಯದ ಗೃಹಿಣಿಯೊಬ್ಬರು ಮಗಳನ್ನು ಎದುರಿಗೇ ಕೂರಿಸಿಕೊಂಡು ದೂರಿದರು. ಹುಡುಗಿ ತಲೆ ತಗ್ಗಿಸಿದ್ದಳು. ಲೋಟ ತೊಳೆಯುತ್ತಿದ್ದ ಹತ್ತು ವರ್ಷದ ಬಾಲಕನನ್ನು ಕಂಡು ಆಕೆ ಹೋಟೆಲ್ ಮಾಲೀಕರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದಳು. ಮರುದಿನ ಆ ಬಾಲಕ ಅಲ್ಲಿರಲಿಲ್ಲ. ಎಲ್ಲಿಗೆ ಕಳಿಸಿದರೋ ಗೊತ್ತಿಲ್ಲ. ತಾಯಿಯ ಬೈಗುಳಕ್ಕಿಂತ ಅದೇ ಅವಳನ್ನು ಕೊರೆಯುತ್ತಿತ್ತು.

ನಾನು ಇಬ್ಬರಿಗೂ ನಡೆದ ಸಂಗತಿಯೊಂದನ್ನು ಹೇಳಿದೆ. 1995ರ ಏಪ್ರಿಲ್. ಕೆನಡಾದ ಟೊರಾಂಟೊ ಸಮೀಪದ ಥಾರ್ನ್‌ಹಿಲ್‌ನಲ್ಲಿ ಕ್ರೇಗ್ ಕೀಲ್‌ಬರ್ಗರ್ ಎಂಬ 12 ವರ್ಷದ ಹುಡುಗ ಪತ್ರಿಕೆಯಲ್ಲಿ ಚಿತ್ರಕತೆಯ ಪುಟ ಹುಡುಕುತ್ತಿದ್ದ. ಮುಖಪುಟದಲ್ಲೇ ಅವನ ಕಣ್ಣು ನಿಂತಿತು. ಪಾಕಿಸ್ತಾನದ ಇಕ್ಬಾಲ್ ಮಸೀಹ್ ಕೊಲೆಯಾಗಿದ್ದ. ಮನೆಯವರ ಸಾಲಕ್ಕಾಗಿ 4ನೇ ವಯಸ್ಸಿಗೇ ಜಮಖಾನೆ ಮಗ್ಗದಲ್ಲಿ ಜೀತಕ್ಕೆ ಬಿದ್ದು, ಬಿಡುಗಡೆಯಾದ ಮೇಲೆ ಇತರ ಜೀತದ ಮಕ್ಕಳ ಪರ ಮಾತಾಡುತ್ತಿದ್ದ ಹುಡುಗ. ಅವನಿಗೂ 12 ವರ್ಷ!

ಕ್ರೇಗ್ ಬೀದಿಗಿಳಿಯಲಿಲ್ಲ, ಗ್ರಂಥಾಲಯಕ್ಕೆ ಹೋದ. ಬಾಲಕಾರ್ಮಿಕರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ತರಗತಿಯಲ್ಲಿ ವಿಷಯ ಮುಂದಿಟ್ಟು ಗೆಳೆಯರ ಗುಂಪು ಕಟ್ಟಿದ. ಕೆಲವೇ ತಿಂಗಳಲ್ಲಿ, ದಕ್ಷಿಣ ಏಷ್ಯಾಕ್ಕೆ ಹೋಗಿ ಆ ಮಕ್ಕಳನ್ನು ಕಣ್ಣಾರೆ ನೋಡುತ್ತೇನೆಂದು ಹಟ ಹಿಡಿದ. ತಂದೆ-ತಾಯಿ ಇಬ್ಬರೂ ಶಿಕ್ಷಕರು. ಮೊದಲು ಖಡಾಖಂಡಿತ ‘ಬೇಡ’ ಎಂದರು. ಮಗನ ಸಿದ್ಧತೆ ಕಂಡ ಮೇಲೆ, 25 ವರ್ಷದ ಪರಿಚಿತ ಯುವಕನೊಬ್ಬನ ಜೊತೆ ಕಳಿಸಿದರು. ಭಾರತಕ್ಕೂ ಬಂದ ಆತ, ಆ ಪ್ರವಾಸದಲ್ಲೇ ತನ್ನ ದೇಶದ ಪ್ರಧಾನಿ ಕ್ರೆಟಿಯನ್ ಅವರನ್ನು ಭೇಟಿಯಾಗಿ ಬಾಲಕಾರ್ಮಿಕರ ಮಾತೆತ್ತಿದ.

ಗುಂಪು ದೊಡ್ಡ ಸಂಸ್ಥೆಯಾಯಿತು. 2020ರಲ್ಲಿ ಸರ್ಕಾರಿ ಗುತ್ತಿಗೆಯೊಂದರ ವಿವಾದಕ್ಕೂ ಸಿಕ್ಕಿ, ಕೆನಡಾದಲ್ಲಿ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿತು. ಇದನ್ನು ಮುಚ್ಚಿಡಬೇಕಿಲ್ಲ. ಇತರರನ್ನು ಪ್ರಶ್ನಿಸುವವರು ತಾವೂ ಪ್ರಶ್ನೆಗೆ ಸಿದ್ಧರಿರಬೇಕು ಎಂಬುದೂ ಪಾಠವೇ.

ಹುಡುಗಿ ಮೆಲ್ಲಗೆ ಕೇಳಿದಳು: ‘ಹಾಗಾದರೆ ನಾನೇನು ಮಾಡಬೇಕಿತ್ತು, ಸಾರ್?’

ಮೊದಲು ಕಾನೂನು ತಿಳಿಯಬೇಕಿತ್ತು. ಬಾಲಕಾರ್ಮಿಕ ಕಾಯ್ದೆ 1986ರದು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಹೋಟೆಲಿನಲ್ಲಷ್ಟೇ ಅಲ್ಲ, ಯಾವ ಕೆಲಸಕ್ಕೂ ನೇಮಿಸಿಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯವರ ಕಸುಬಿಗೆ ನೆರವಾಗುವಂಥ ಒಂದೆರಡು ವಿನಾಯಿತಿಗಳಿವೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕೆಂದು 2009ರ ಕಾಯ್ದೆ ಹೇಳುತ್ತದೆ. ಇಂಥ ಮಗುವನ್ನು ಕಂಡರೆ ಮಾಲೀಕರೊಡನೆ ಜಗಳಕ್ಕಿಳಿಯದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಜಾಗ, ಹೊತ್ತು ತಿಳಿಸಬೇಕು. ಮಗುವನ್ನು ಕರೆತಂದು ಸುರಕ್ಷಿತವಾಗಿಡುವ ಹೊಣೆ ಆಗ ವ್ಯವಸ್ಥೆಯದು.

ತಾಯಂದಿರೇ, ತಂದೆಯರೇ, ಪರರ ಸಂಕಟಕ್ಕೆ ಮರುಗುವ ಮಗು ಮನೆಯಲ್ಲಿದ್ದರೆ ಅದು ಭಾಗ್ಯ. ‘ನಮಗ್ಯಾಕೆ ಊರ ಉಸಾಬರಿ’ ಎಂದು ಬಾಯಿ ಮುಚ್ಚಿಸಬೇಡಿ. ‘ಇದರ ಬಗ್ಗೆ ಏನು ಓದಿದ್ದೀಯ? ಯಾರ ಜೊತೆ ಹೋಗ್ತೀಯ? ಆ ಮಗುವಿಗೆ ಇದರಿಂದ ಏನಾಗುತ್ತೆ?’ ಎಂದು ಕೇಳಿ.

‘ಮತ್ತೆ ಪರೀಕ್ಷೆ?’ ಎಂದರು ತಾಯಿ.

ಉತ್ತರ ಕೊಟ್ಟವಳು ಮಗಳು: ‘ಬರೀತೀನಮ್ಮ. ಲಾ ಓದಬೇಕಲ್ಲ.’