ಗ್ರಂಥದಲ್ಲಿದ್ದರೂ ಕಾಡಿನ ಪಾಲು ಕಾಡಿಗೆ ಸಲ್ಲಬೇಕು

ಸಲೀಮುಜ್ಜಮಾನ್ ಸಿದ್ದಿಕಿ 1931ರಲ್ಲಿ ಸರ್ಪಗಂಧದ ಬೇರಿನಿಂದ ಅಜ್ಮಲಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ಆ ಬೇರು ರಕ್ತದೊತ್ತಡ ತಗ್ಗಿಸುವುದನ್ನು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದೇ ವರ್ಷ ವರದಿ ಮಾಡಿದರು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು 1952ರಲ್ಲಿ ಅದರಿಂದಲೇ ರೆಸರ್ಪಿನ್ ತೆಗೆದರು. ಅದು ಔಷಧವಾಗಿ ಜಗತ್ತಿನಾದ್ಯಂತ ಬಳಕೆಗೆ ಬಂತು. ಬೇರಿಗಾಗಿ ಗಿಡವನ್ನೇ ಕೀಳಬೇಕಾದ್ದರಿಂದ ಕಾಡಿನ ಸರ್ಪಗಂಧ ಬರಿದಾಗತೊಡಗಿತು. ಇಂದು ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿರ್ಬಂಧವಿದೆ.

ಮೂಲಿಕೆಯನ್ನು ಒಣಗಿಸಿ, ಪುಡಿಮಾಡಿ, ದ್ರಾವಕದಲ್ಲಿ ಸಾರ ಇಳಿಸಿ, ಕ್ರೊಮಟೋಗ್ರಫಿಯಿಂದ ಭಾಗಗಳಾಗಿ ಬಿಡಿಸಿ, ಒಂದೊಂದು ಭಾಗದ ಗುಣವನ್ನೂ ಪರೀಕ್ಷಿಸುವುದು ಪ್ರಯೋಗಾಲಯದ ಶ್ರಮ. ಅದಕ್ಕೆ ಪ್ರತಿಫಲ ಸಲ್ಲಲೇಬೇಕು. ಆದರೆ ಸಾವಿರಾರು ಸಸ್ಯಗಳ ನಡುವೆ ಯಾವುದನ್ನು, ಯಾವ ಕಾಯಿಲೆಗಾಗಿ ಪರೀಕ್ಷಿಸಬೇಕೆಂಬ ಸುಳಿವು ಬಹಳ ಸಲ ಜನರ ಅನುಭವದಿಂದ ಬಂದದ್ದು.

ಆ ಋಣ ತೀರಿಸಬಹುದೆಂದು ಕೇರಳ ತೋರಿಸಿತು. ಅಗಸ್ತ್ಯ ಬೆಟ್ಟದ ಕಾಣಿ ಬುಡಕಟ್ಟಿನವರು ದಣಿವಾರಲು ತಿನ್ನುತ್ತಿದ್ದ ಆರೋಗ್ಯಪಚ್ಚದ ಹಣ್ಣನ್ನು ವಿಜ್ಞಾನಿಗಳು 1987ರಲ್ಲಿ ಅವರಿಂದಲೇ ಅರಿತರು. ತಿರುವನಂತಪುರದ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಆ ಗಿಡದಿಂದ ‘ಜೀವನಿ’ ಎಂಬ ಔಷಧ ರೂಪಿಸಿ, 10 ಲಕ್ಷ ರೂಪಾಯಿ ಶುಲ್ಕ ಮತ್ತು ಶೇ 2ರ ರಾಯಧನಕ್ಕೆ ತಯಾರಿಕೆಯ ಪರವಾನಗಿ ಕೊಟ್ಟಿತು. ಅದರಲ್ಲಿ ಅರ್ಧ ಕಾಣಿ ಸಮುದಾಯಕ್ಕೆಂದು ನಿಗದಿಯಾಯಿತು.

ಇಂಥ ಹಂಚಿಕೆಯನ್ನು 2002ರ ಜೀವವೈವಿಧ್ಯ ಕಾಯ್ದೆ ಕಾನೂನಾಗಿಸಿತು. ದೇಶೀಯ ಕಂಪನಿಗಳೂ ಲಾಭ ಹಂಚಬೇಕೆಂದು ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಆದರೆ 2023ರ ತಿದ್ದುಪಡಿಯು ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆಗೆ ವಿನಾಯಿತಿ ಕೊಟ್ಟು, ಐದು ವರ್ಷಗಳವರೆಗಿದ್ದ ಜೈಲುಶಿಕ್ಷೆಯನ್ನೂ ತೆಗೆದು ದಂಡಕ್ಕೆ ಇಳಿಸಿತು.

ಈ ವಿನಾಯಿತಿ ಅನ್ಯಾಯದ್ದು. ಆರೋಗ್ಯಪಚ್ಚದ ಅರಿವು ಬಾಯಿಂದ ಬಾಯಿಗೆ ಬಂದದ್ದು. ಸರ್ಪಗಂಧದ ಹೆಸರು ಆಯುರ್ವೇದದ ಗ್ರಂಥಗಳಲ್ಲಿದೆ. ಒಂದಕ್ಕೆ ಪಾಲು, ಇನ್ನೊಂದಕ್ಕೆ ಇಲ್ಲ ಎನ್ನಲು ಬರಹದ ಹೊರತು ಬೇರೆ ಆಧಾರವಿಲ್ಲ. ಎರಡೂ ಗಿಡಗಳು ಕಾಡಿನವು. ಅವುಗಳನ್ನು ಗುರುತಿಸುವವರು, ಆಯುವವರು, ಉಳಿಸಬೇಕಾದವರು ಕಾಡಂಚಿನ ಜನ.

ಗ್ರಂಥದಲ್ಲಿರುವುದು ಎಲ್ಲರ ಸ್ವತ್ತು, ಅದಕ್ಕೆ ಬೆಲೆ ತೆರಬೇಕಿಲ್ಲ ಎಂಬುದು ಉದ್ಯಮದ ವಾದ. ಆದರೆ ಲಾಭದ ಪಾಲು ಗ್ರಂಥದ ಬಾಡಿಗೆಯಲ್ಲ. ಅದು ಗಿಡ ಕೊಟ್ಟ ನೆಲದ ಸಂರಕ್ಷಣೆಗೆ, ಅಲ್ಲಿನ ಜನರ ಬದುಕಿಗೆ ಸೇರಬೇಕಾದ ಹಣ. ಕರ್ನಾಟಕದ ಪಶ್ಚಿಮ ಘಟ್ಟದ ಹಳ್ಳಿಗಳಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರುವುದು ಈ ಕೆಲಸಕ್ಕಾಗಿಯೇ. ಪಾಲು ಕೊಡುವುದು ಕಂಪನಿಗಳಿಗೆ ಹೊರೆ ಎಂಬ ಮಾತೂ ನಿಲ್ಲುವುದಿಲ್ಲ: 2014ರ ಮಾರ್ಗಸೂಚಿಯಂತೆ ಮಾರಾಟದ ಮೇಲೆ ಕಂಪನಿ ಕೊಡಬೇಕಿದ್ದದ್ದು ಶೇ 0.1ರಿಂದ 0.5ರಷ್ಟು ಮಾತ್ರ.

ಜೀವನೋಪಾಯಕ್ಕೆ ಚಿಕಿತ್ಸೆ ನೀಡುವ ವೈದ್ಯರಿಗೆ ವಿನಾಯಿತಿ ಬೇಕು. ಹೊಲದಲ್ಲಿ ಬೆಳೆದ ಮೂಲಿಕೆಗೂ ಅದು ಸರಿ. ಕಾಡಿನ ಮೇಲಿನ ಒತ್ತಡ ಅದರಿಂದ ತಗ್ಗುತ್ತದೆ. ಆದರೆ ಕಾಡಿನಿಂದ ಸಂಗ್ರಹಿಸಿದ ಮೂಲಿಕೆಯಿಂದ ಸಾರ ಅಥವಾ ಸಂಯುಕ್ತ ತೆಗೆದು ಮಾರುವ ಕಂಪನಿಗೆ ಗ್ರಂಥದ ನೆಪ ಸಲ್ಲದು. ಗ್ರಂಥಸ್ಥ ಜ್ಞಾನದ ವಿನಾಯಿತಿಯನ್ನು ಸಂಸತ್ತು ಕಾಯ್ದೆಯಿಂದ ತೆಗೆದುಹಾಕಬೇಕು.