ಮಣಿಕಟ್ಟಿಗೆ ಯಾಕಿಷ್ಟು ಅವಸರ?

ನಮ್ಮ ಬೈಕ್ ಲೋಕದಲ್ಲಿ ಎಲ್ಲ ತರ್ಕವನ್ನೂ ಸೋಲಿಸಬಲ್ಲ ಒಂದು ಪದವಿದೆ: ಪಿಕಪ್. ಗಾಡಿ ಕೊಳ್ಳಲು ಹೋದಾಗ ಅಪ್ಪ ಮೈಲೇಜ್ ಕೇಳುತ್ತಾನೆ, ಮಗ ಪಿಕಪ್ ಕೇಳುತ್ತಾನೆ. ಪಿಕಪ್ ಹೆಚ್ಚಾಗುತ್ತದೆ ಎಂದುಬಿಟ್ಟರೆ ಸಾಕು, ಏನನ್ನು ಬೇಕಾದರೂ ಮಾರಬಹುದು. ಹಾಗೆ ಮಾರಾಟವಾಗುತ್ತಿರುವ ಸರಕುಗಳಲ್ಲಿ ಒಂದು ಕ್ವಿಕ್ ಆಕ್ಷನ್ ಥ್ರಾಟಲ್. ರೇಸ್ ಟ್ರ್ಯಾಕಿಗೆಂದು ಹುಟ್ಟಿದ ಈ ಪುಟ್ಟ ಸಾಧನ ಈಗ ಆಫೀಸಿಗೆ, ಕಾಲೇಜಿಗೆ, ತರಕಾರಿ ತರಲು ಹೋಗುವ ಗಾಡಿಗಳ ಹ್ಯಾಂಡಲ್ ಮೇಲೂ ಕೂತಿದೆ. ಅಲ್ಲಿ ಅದಕ್ಕೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಅದು ಕೇಡನ್ನೂ ಮಾಡುತ್ತದೆ ಎಂಬುದು ನನ್ನ ತಕರಾರು.

ಮೊದಲು ಅದು ಏನೆಂದು ನೋಡೋಣ. ಬಲಗೈಯಲ್ಲಿ ಹಿಡಿಯುವ ಗ್ರಿಪ್ಪಿನ ಒಳತುದಿಯಲ್ಲಿ ಒಂದು ಚಿಕ್ಕ ರಾಟೆಯಿದೆ. ಅದಕ್ಕೆ ಆಕ್ಸಿಲರೇಟರ್ ಕೇಬಲ್ ಸುತ್ತಿಕೊಂಡಿರುತ್ತದೆ. ಕೈ ತಿರುಗಿದಂತೆ ರಾಟೆ ಕೇಬಲನ್ನು ಎಳೆಯುತ್ತದೆ, ಆ ತುದಿಯಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲು ತೆರೆಯುತ್ತದೆ. ಸಾಧಾರಣ ಗಾಡಿಯಲ್ಲಿ ಬಾಗಿಲು ಪೂರ್ತಿ ತೆರೆಯಲು ಗ್ರಿಪ್ಪನ್ನು ಹೆಚ್ಚುಕಡಿಮೆ ಕಾಲು ಸುತ್ತು ತಿರುಗಿಸಬೇಕು. ಕ್ವಿಕ್ ಥ್ರಾಟಲ್ ಎಂದರೆ ಆ ರಾಟೆಯ ಜಾಗದಲ್ಲಿ ಇನ್ನೊಂದು ದಪ್ಪ ರಾಟೆ. ರಾಟೆ ದಪ್ಪವಾದಷ್ಟೂ ಕಡಿಮೆ ತಿರುವಿಗೆ ಹೆಚ್ಚು ಕೇಬಲ್ ಬರುತ್ತದೆ. ಅಷ್ಟೇ ಇದರ ಗುಟ್ಟು.

ಬಾಗಿಲು ಅದೇ, ಎಂಜಿನ್ ಅದೇ, ಪೆಟ್ರೋಲೂ ಅದೇ. ಮನೆಯ ತಿರುಪಿನ ನಲ್ಲಿ ಕಿತ್ತು ಕಾಲು ಸುತ್ತಿಗೆ ತೆರೆದುಕೊಳ್ಳುವ ನಲ್ಲಿ ಹಾಕಿಸಿದರೆ ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಹೆಚ್ಚಾಗುವುದಿಲ್ಲ. ಬಕೆಟ್ಟಿಗೆ ನೀರು ರಭಸವಾಗಿ ಬಿದ್ದಂತೆ ಕಾಣುತ್ತದೆ, ಏಕೆಂದರೆ ನಿಮಗೆ ಸಣ್ಣಗೆ ಬಿಡುವುದು ಕಷ್ಟವಾಗಿದೆ. ಕ್ವಿಕ್ ಥ್ರಾಟಲ್ ಹಾಕಿಸಿದವರು ‘ಗಾಡಿ ಹೇಗೆ ಎಳೀತಿದೆ ನೋಡು’ ಎಂದು ಬೀಗುವುದೂ ಹೀಗೆಯೇ. ಗಾಡಿ ಹೆಚ್ಚು ಎಳೆಯುತ್ತಿಲ್ಲ, ಅದೇ ತಿರುವಿಗೆ ಇವರು ಹೆಚ್ಚು ಕೊಡುತ್ತಿದ್ದಾರೆ.

ಲೆಕ್ಕ ಹಾಕಿ ನೋಡಿ. ಬಾಗಿಲು ಪೂರ್ತಿ ತೆರೆಯಲು 30 ಮಿಲಿಮೀಟರ್ ಕೇಬಲ್ ಎಳೆಯಬೇಕು ಎಂದಿಟ್ಟುಕೊಳ್ಳಿ. ರಾಟೆಯ ತ್ರಿಜ್ಯ 20 ಮಿಲಿಮೀಟರ್ ಇದ್ದರೆ ಕೈ 86 ಡಿಗ್ರಿ ತಿರುಗಬೇಕು. ತ್ರಿಜ್ಯವನ್ನು 26ಕ್ಕೆ ಏರಿಸಿದರೆ 66 ಡಿಗ್ರಿ ಸಾಕು. 20 ಡಿಗ್ರಿ ಉಳಿಯಿತು. ಆದರೆ ಆ ತುದಿಯ ಸ್ಪ್ರಿಂಗ್ ಮೊದಲಿನಷ್ಟೇ ಬಲವಾಗಿ ಎಳೆಯುತ್ತಿದೆ, ರಾಟೆ ದಪ್ಪವಾಗಿರುವುದರಿಂದ ಕೈಗೆ ಬೀಳುವ ಭಾರ ಶೇ. 30ರಷ್ಟು ಹೆಚ್ಚುತ್ತದೆ. ತಿರುವಿನಲ್ಲಿ ಉಳಿಸಿದ್ದನ್ನು ಶಕ್ತಿಯಲ್ಲಿ ಕಟ್ಟಬೇಕು, ಯಂತ್ರಶಾಸ್ತ್ರದಲ್ಲಿ ರಿಯಾಯಿತಿ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ತೆವಳುವವನ ಮಣಿಕಟ್ಟು ಈ ಬಾಕಿಯನ್ನು ದಿನವೂ ತೀರಿಸುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಊರೊಳಗೆ ನಾವು ಬಳಸುವುದು ಥ್ರಾಟಲ್ಲಿನ ಮೊದಲ ತುಣುಕನ್ನು ಮಾತ್ರ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಬಾಗಿಲು ಸ್ವಲ್ಪ ತೆರೆದರೂ ಅದು ಕೇಳುವ ಗಾಳಿಯ ಬಹುಪಾಲು ಒಳಗೆ ಹೋಗಿಬಿಡುತ್ತದೆ. ಹಾಗಾಗಿ ಗಾಡಿಯ ವರ್ತನೆ ಹೆಚ್ಚು ಬದಲಾಗುವುದು ಮೊದಲ ಇಪ್ಪತ್ತು ಡಿಗ್ರಿಯೊಳಗೆ. ಆಟೋ ಮತ್ತು ಬಿಎಂಟಿಸಿ ಬಸ್ಸಿನ ನಡುವೆ ನುಸುಳುವುದು, ಜಲ್ಲಿ ಚೆಲ್ಲಿದ ತಿರುವಿನಲ್ಲಿ ಮೆಲ್ಲಗೆ ದಾಟುವುದು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಏರು ಹತ್ತುವುದು, ಎಲ್ಲವೂ ಈ ಸಣ್ಣ ಜಾಗದಲ್ಲೇ ನಡೆಯಬೇಕು. ದಪ್ಪ ರಾಟೆ ಕುಗ್ಗಿಸುವುದು ಇದನ್ನೇ. ಯಾರೂ ಪೂರ್ತಿ ತಿರುಗಿಸದ ಕೊನೆಯ ಭಾಗವನ್ನು ಹತ್ತಿರ ತರಲು, ಎಲ್ಲರೂ ದಿನವೂ ಬಳಸುವ ಮೊದಲ ಭಾಗವನ್ನು ಹಿಂಡುವುದು ಎಂಥ ವ್ಯಾಪಾರ?

ಬೇಗ ತೆರೆದರೆ ಎಂಜಿನ್ ಬೇಗ ಒಪ್ಪಿಕೊಳ್ಳುತ್ತದೆಯೇ? ಅದೂ ಗಾಡಿಯ ಮೇಲಿದೆ. ಆರ್‌ಎಕ್ಸ್ 100 ತರಹದ ಹಳೆಯ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಕೇಬಲ್ ನೇರವಾಗಿ ಕಾರ್ಬುರೇಟರಿನ ಸ್ಲೈಡನ್ನು ಎತ್ತುತ್ತದೆ. ಕೆಳಗಿನ ಸ್ಪೀಡಿನಲ್ಲಿ ಅದನ್ನು ತಟ್ಟನೆ ಎತ್ತಿದರೆ ಗಾಳಿ ನುಗ್ಗುತ್ತದೆ, ಪೆಟ್ರೋಲ್ ಹಿಂದುಳಿಯುತ್ತದೆ, ಗಾಡಿ ಕ್ಷಣಕಾಲ ಉಸಿರುಕಟ್ಟಿದಂತೆ ಮುಗ್ಗರಿಸುತ್ತದೆ. ಆಮೇಲೆ ಬಂದ ಫೋರ್-ಸ್ಟ್ರೋಕ್ ಗಾಡಿಗಳಲ್ಲಿ ಹಲವಕ್ಕೆ ಸಿ.ವಿ. ಕಾರ್ಬುರೇಟರ್ ಇದೆ. ಅಲ್ಲಿ ಕೈ ತೆರೆಯುವುದು ಒಂದು ಬಿಲ್ಲೆಯನ್ನು ಮಾತ್ರ, ಸ್ಲೈಡ್ ಏರುವುದು ಎಂಜಿನ್ನಿನ ಎಳೆತಕ್ಕೆ ತಕ್ಕಂತೆ, ತನ್ನದೇ ವೇಗದಲ್ಲಿ. ನೀವು ಎಷ್ಟೇ ಅವಸರ ಮಾಡಿದರೂ ಅದು ಕಾಯುತ್ತದೆ. ಇನ್ನು ರೈಡ್-ಬೈ-ವೈರ್ ಇರುವ ಹೊಸ ಗಾಡಿಗಳಲ್ಲಿ ಕೈಗೂ ಬಾಗಿಲಿಗೂ ನಡುವೆ ಕೇಬಲ್ ಇಲ್ಲ, ಕಂಪ್ಯೂಟರ್ ಇದೆ. ಮೋಡ್ ಬದಲಿಸಿದರೆ ಅದೇ ತಿರುವಿಗೆ ಬಾಗಿಲು ಬೇರೆ ಥರ ತೆರೆಯುವ ಗಾಡಿಗಳಿವೆ. ರೇನ್ ಮೋಡಿನಲ್ಲಿ ತಯಾರಕರು ಮಾಡುವುದು ಥ್ರಾಟಲ್ಲನ್ನು ಮೆದು ಮಾಡುವುದನ್ನು, ಚುರುಕು ಮಾಡುವುದನ್ನಲ್ಲ. ಒದ್ದೆ ರಸ್ತೆಯಲ್ಲಿ ಕೈಗೆ ಏನು ಬೇಕೆಂದು ಅವರಿಗೆ ಗೊತ್ತಿದೆ.

ಹಾಗಾದರೆ ರೇಸ್ ಸವಾರರು ಯಾಕೆ ಬಳಸುತ್ತಾರೆ? ಅವರಿಗೆ ಕಾರಣವಿದೆ. ತಿರುವಿನಲ್ಲಿ ಮೈಯನ್ನು ಸೀಟಿನಿಂದ ಆಚೆ ಇಳಿಬಿಟ್ಟು, ಮೊಣಕಾಲು ನೆಲಕ್ಕೆ ತಾಗಿಸಿ, ಹೊರಬರುವಾಗ ಥ್ರಾಟಲ್ ಪೂರ್ತಿ ತೆರೆಯಬೇಕು. ಆ ಭಂಗಿಯಲ್ಲಿ ಕೈಯನ್ನು ಸಡಿಲಿಸಿ ಮತ್ತೆ ಹಿಡಿಯಲು ಪುರುಸೊತ್ತಿಲ್ಲ, ಒಂದೇ ತಿರುವಿನಲ್ಲಿ ಮುಗಿಯಬೇಕು. ಅವರ ಎದುರು ಡಾಂಬರು ನಯವಾಗಿದೆ, ಎದುರಿನಿಂದ ಯಾರೂ ಬರುವುದಿಲ್ಲ, ಹಸು ಅಡ್ಡ ನಿಲ್ಲುವುದಿಲ್ಲ. ಮಣಿಕಟ್ಟು ಮುರಿದು ಸರಿಯಾಗಿ ಕೂಡದೆ ಹೆಚ್ಚು ತಿರುಗಿಸಲಾಗದವರೂ ಇದ್ದಾರೆ, ಅವರಿಗೂ ಇದು ಉಪಕಾರಿ. ಈ ಎರಡು ಬಗೆಯವರ ಮೇಲೆ ನನ್ನ ಜಗಳವಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಜಿಟಿಜಿಟಿ ಮಳೆಯಲ್ಲಿ ಇಳಿಯುವವನಿಗೆ ಅವರ ಕಾರಣಗಳು ಅನ್ವಯಿಸುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ನಮ್ಮ ರಸ್ತೆಗಳಲ್ಲಿ ಥ್ರಾಟಲ್ ಯಾವಾಗಲೂ ಸವಾರನ ಇಚ್ಛೆಯಿಂದ ತಿರುಗುವುದಿಲ್ಲ. ಬಣ್ಣ ಬಳಿಯದ ಹಂಪ್ ಕತ್ತಲಲ್ಲಿ ಎದುರಾಗುತ್ತದೆ, ಗುಂಡಿಗೆ ಮುಂದಿನ ಚಕ್ರ ಬೀಳುತ್ತದೆ, ಮೈ ಹಿಂದಕ್ಕೆ ಎಸೆಯಲ್ಪಡುತ್ತದೆ. ಬೀಳದಿರಲು ಕೈ ಗ್ರಿಪ್ಪನ್ನು ಬಿಗಿಯಾಗಿ ಹಿಡಿಯುತ್ತದೆ, ಮಣಿಕಟ್ಟು ಕೆಳಗೆ ಕುಸಿಯುತ್ತದೆ, ಗಾಡಿ ಮುಂದಕ್ಕೆ ಚಿಮ್ಮುತ್ತದೆ. ಚಿಮ್ಮಿದಷ್ಟೂ ಮೈ ಇನ್ನೂ ಹಿಂದಕ್ಕೆ, ಕೈ ಇನ್ನೂ ಕೆಳಕ್ಕೆ. ಹೊಸದಾಗಿ ಗಾಡಿ ಕಲಿಯುವವರು ಗೋಡೆಗೆ ಗುದ್ದುವುದು ಹೀಗೆಯೇ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಗಾಬರಿಯಲ್ಲಿ ಕೈ 15 ಡಿಗ್ರಿ ತಿರುಗಿತೆನ್ನಿ. ಕಂಪನಿಯ ರಾಟೆಯಲ್ಲಿ ಅದು ಪೂರ್ತಿ ತಿರುವಿನ ಶೇ. 17, ದಪ್ಪ ರಾಟೆಯಲ್ಲಿ ಶೇ. 23. ಕಂಪನಿಯವರು ಕೊಟ್ಟ ಆ ಉದ್ದ ತಿರುವು ಮನುಷ್ಯ ಬೆಚ್ಚಿಬೀಳುತ್ತಾನೆ ಎಂದು ಬಲ್ಲವರು ಬಿಟ್ಟ ಅಂತರ. ಹಿಂದೆ ಒಂದೇ ಬದಿಗೆ ಕಾಲು ಹಾಕಿ, ಮಡಿಲಲ್ಲಿ ಚೀಲವಿಟ್ಟುಕೊಂಡು, ಸೀಟಿನ ತುದಿಯ ಕಂಬಿ ಹಿಡಿದು ಕೂತ ಅಮ್ಮನ ಪ್ರಾಣವೂ ಅದೇ ಅಂತರದಲ್ಲಿದೆ.

‘ಒಂದು ವಾರದಲ್ಲಿ ಕೈ ಪಳಗುತ್ತದೆ’ ಎನ್ನುತ್ತಾರೆ. ಪಳಗುತ್ತದೆ, ನಿಜ. ಆದರೆ ಪಳಗುವುದು ಎಚ್ಚರವಿರುವ ಕೈ, ಬೆಚ್ಚಿಬಿದ್ದ ಕೈಯಲ್ಲ. ‘ನನ್ನ ಗಾಡಿ, ನನ್ನ ದುಡ್ಡು’ ಎನ್ನುತ್ತಾರೆ. ಗಾಡಿ ನಿಮ್ಮದೇ, ಆದರೆ ರಸ್ತೆ ದಾಟುತ್ತಿರುವ ಮುದುಕ ನಿಮ್ಮವನಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ. 44.5 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಈ ಸಾವುಗಳನ್ನು ಒಂದು ರಾಟೆಯ ತಲೆಗೆ ಕಟ್ಟುವುದು ಅನ್ಯಾಯ, ನಾನು ಕಟ್ಟುತ್ತಿಲ್ಲ. ಆದರೆ ಇಂಥ ರಸ್ತೆಗಳಲ್ಲಿ ಓಡಿಸುವವನು ತನ್ನ ಕೈಗಿರುವ ಅವಕಾಶವನ್ನು ತಾನೇ ದುಡ್ಡು ಕೊಟ್ಟು ಕಡಿಮೆ ಮಾಡಿಕೊಳ್ಳುವುದಕ್ಕೆ ಏನೆನ್ನಬೇಕು?

ಪೊಲೀಸರು ಹಿಡಿಯಲಿ ಎಂದು ನಾನು ಕೇಳುತ್ತಿಲ್ಲ. ಬದಲಿ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಹರಿಸಿದ್ದನ್ನು ನಮ್ಮ ರಾಜ್ಯದ ಹಲವು ಊರುಗಳು ನೋಡಿವೆ. ಸೈಲೆನ್ಸರ್ ಬೊಬ್ಬೆ ಹಾಕಿ ಸಿಕ್ಕಿಬೀಳುತ್ತದೆ, ದಪ್ಪ ರಾಟೆ ಸದ್ದು ಮಾಡುವುದಿಲ್ಲ. ಅದು ಬೇಡವೆಂದು ಸವಾರನೇ ತೀರ್ಮಾನಿಸಬೇಕು.

ಇಷ್ಟಾದರೂ ಹಾಕಿಸಿಯೇ ತೀರುತ್ತೇನೆ ಎನ್ನುವವರು ಕೆಲವು ವಿಷಯಗಳಲ್ಲಿ ಹಟ ಹಿಡಿಯಲಿ. ನಿಮ್ಮ ಗಾಡಿಗೆ ಎರಡು ಕೇಬಲ್ ಇದ್ದರೆ ಒಂದು ತೆರೆಯಲು, ಇನ್ನೊಂದು ಮುಚ್ಚಲು. ಮುಚ್ಚುವ ಕೇಬಲನ್ನು ಬಿಸಾಡಿ ಒಂಟಿ ಕೇಬಲ್ ಕಿಟ್ ಹಾಕುವ ಮೆಕ್ಯಾನಿಕ್ಕಿನಿಂದ ದೂರ ಇರಿ. ಕೇಬಲಿನಲ್ಲಿ ಚೂರು ಪ್ಲೇ ಉಳಿಯಲೇಬೇಕು. ಗ್ರಿಪ್ ತುದಿಯ ತೂಕಕ್ಕೆ ಉಜ್ಜಬಾರದು. ಕೈ ಬಿಟ್ಟ ತಕ್ಷಣ ಅದು ಟಪ್ಪನೆ ತಾನಾಗಿ ಮುಚ್ಚಿಕೊಳ್ಳಬೇಕು. ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿವರೆಗೆ ತಿರುಗಿಸಿ ನೋಡಿ. ಸದ್ದು ಒಂದಿಷ್ಟು ಏರಿದರೂ ಕೇಬಲ್ ಎಳೆದುಕೊಳ್ಳುತ್ತಿದೆ ಎಂದರ್ಥ, ಆ ಗಾಡಿ ಯೂ-ಟರ್ನ್‌ನಲ್ಲಿ ತಾನಾಗಿ ನುಗ್ಗುತ್ತದೆ.

ನಿಜವಾಗಿ ಪಿಕಪ್ ಬೇಕಾದವರಿಗೆ ಬೇರೆ ದಾರಿಗಳಿವೆ. ಮಣ್ಣು ಕುಡಿದ ಕೇಬಲನ್ನು ಬದಲಿಸಿ, ಅತಿಯಾದ ಪ್ಲೇ ಸರಿಪಡಿಸಿ, ‘ಥ್ರಾಟಲ್ ಸ್ಲೋ’ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ. ಚೈನಿಗೆ ಎಣ್ಣೆ ಹಾಕಿ, ಏರ್ ಫಿಲ್ಟರ್ ನೋಡಿ, ಟೈರಿನ ಗಾಳಿ ನೋಡಿ. ಅದಕ್ಕೂ ತೃಪ್ತಿಯಿಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಒಂದೆರಡು ಹಲ್ಲು ಹೆಚ್ಚಿಸಿ. ಟಾಪ್ ಸ್ಪೀಡ್ ಕೊಂಚ ಇಳಿಯುತ್ತದೆ, ಆದರೆ ಹಿಂದಿನ ಚಕ್ರಕ್ಕೆ ಎಳೆತ ನಿಜಕ್ಕೂ ಹೆಚ್ಚು ಸಿಗುತ್ತದೆ. ಇವುಗಳಲ್ಲಿ ಹೆಚ್ಚಿನವು ಒಂದು ಭಾನುವಾರದ ಬೆಳಗಿನ ಕೆಲಸ, ಖರ್ಚೂ ಕಡಿಮೆ. ಹ್ಯಾಂಡಲ್ ಮೇಲೆ ಬಣ್ಣದ ಅಲ್ಯುಮಿನಿಯಂ ಮಿನುಗುವುದಿಲ್ಲ, ಸಿಗ್ನಲ್ಲಿನಲ್ಲಿ ಪಕ್ಕದವನು ತಿರುಗಿ ನೋಡುವುದಿಲ್ಲ. ಅದಕ್ಕಾಗಿಯೇ ದುಡ್ಡು ಕೊಡುತ್ತಿದ್ದೇವೆ ಎಂದು ಒಪ್ಪಿಕೊಂಡರೆ ಅದಾದರೂ ಪ್ರಾಮಾಣಿಕ ಮಾತು. ಪಿಕಪ್ಪಿನ ಹೆಸರು ಮಾತ್ರ ಹೇಳಬೇಡಿ.